ಅರ್ಧದಮ್ಮನ ಲೆಕ್ಕ

ಪ್ರವಾಹ ಪರಿಹಾರದ ಉಗ್ರಾಣ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಶಿಬಿರಗಳವರು ಅರ್ಧದಮ್ಮ ಎಂದು ಹೆಸರಿಟ್ಟಿದ್ದರು. ಯಾರು ಎಷ್ಟೇ ಕೇಳಲಿ, ಚೀಟಿಯ ಮೇಲೆ ಕೆಂಪು ಗೀಟು ಎಳೆದು ಅರ್ಧ ಬರೆಯುತ್ತಿದ್ದಳು. ಶಿಬಿರಗಳವರೇನು ಕಮ್ಮಿಯೇ? ಎರಡರಷ್ಟು ಬರೆದೇ ಕಳಿಸುತ್ತಿದ್ದರು. ಹೀಗೆ ಎರಡೂ ಕಡೆಯ ಸುಳ್ಳು ಸೇರಿ ಹನ್ನೆರಡು ದಿನದಿಂದ ಹೇಗೋ ಕೆಲಸ ಸಾಗಿತ್ತು.

ಇವತ್ತು ಉಳಿದಿದ್ದು ನೂರೇ ಬಾಟಲಿ ಸಲೈನ್. ಶಾಲೆಯ ಶಿಬಿರದ ಮೇಷ್ಟ್ರು ನೂರಿಪ್ಪತ್ತು ಕೇಳಿದ್ದರು, ಹೊಳೆಯಾಚೆಯ ಶಿಬಿರದವರು ಎಂಬತ್ತು. ಶಾಲೆಗೆ ಅರವತ್ತು, ಆಚೆಯವರಿಗೆ ನಲವತ್ತು, ಸರಿಯಾಗಿ ನೂರು. ಅವಳಿಗೆ ಒಳಗೊಳಗೇ ಹಿಗ್ಗು. ಹೊಳೆಯಾಚೆಯ ಚೀಟಿ ಬರೆದಿದ್ದು ನಿನ್ನೆಯಷ್ಟೇ ಅಲ್ಲಿಗೆ ಹೋಗಿದ್ದ ಅವಳ ತಂಗಿ, ನರ್ಸು. ತಂಗಿಯೆಂದು ಜಾಸ್ತಿ ಕೊಟ್ಟಳು ಎಂಬ ಮಾತು ಬರಬಾರದೆಂದು ಅದರ ಮೇಲೆ ಗೀಟನ್ನು ತುಸು ಒತ್ತಿಯೇ ಎಳೆದಳು.

ಎರಡೂ ಶಿಬಿರಗಳ ಬಾಟಲಿ ಹೊತ್ತ ಲಾರಿ ಹೊರಟು ಕಾಲು ಗಂಟೆಗೆ ತಂಗಿಯ ಫೋನು ಬಂತು.

“ಅಕ್ಕಾ, ನಲವತ್ತೇ ಅಂತೆ? ನಾನು ತಲೆ ಎಣಿಸಿ ಬರೆದಿದ್ದೆ. ಕುಡಿದ ನೀರೂ ಹೊಟ್ಟೇಲಿ ನಿಲ್ಲದವರು ಎಂಬತ್ತು ಜನ ಇದ್ದಾರೆ. ತಲೆಗೆ ಒಂದು.”

ಎರಡರಷ್ಟು ಬರೆಯಬೇಕೆಂದು ಹೊಸಬಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಿರುಕು ಬಿಟ್ಟ ಸೇತುವೆಯನ್ನು ನಾಲ್ಕಕ್ಕೆ ಮುಚ್ಚುತ್ತಾರೆ; ಆಮೇಲೆ ನಾಳೆಯವರೆಗೆ ಆಚೆಗೆ ಏನೂ ಹೋಗುವಂತಿಲ್ಲ. ಲಾರಿ ಆಗಲೇ ಶಾಲೆಯ ಅಂಗಳದಲ್ಲಿ ನಿಂತಿತ್ತು. ಅಕ್ಕ ಡ್ರೈವರಿಗೆ ಫೋನು ಮಾಡಿ, ಇಳಿಸುವುದನ್ನು ನಿಲ್ಲಿಸಿ ಫೋನನ್ನು ಮೇಷ್ಟ್ರ ಕೈಗೆ ಕೊಡು ಎಂದಳು.

ನಿಜಕ್ಕೂ ಎಷ್ಟು ಬೇಕೆಂದು ಕೇಳಿದರೆ ಮೇಷ್ಟ್ರು ನೂರಿಪ್ಪತ್ತನ್ನೇ ಗಿಳಿಪಾಠದಂತೆ ಒಪ್ಪಿಸಿದರು. ಅವಳು ಹೊಳೆಯಾಚೆಯವರ ಪಾಡು ಹೇಳಿದಳು. ಗಡಿಯಾರ ಮೂರೂವರೆ ದಾಟಿತು.

“ನಿಜ ಹೇಳಿದ್ರೆ ಅದನ್ನೂ ಅರ್ಧ ಮಾಡಲ್ವಾ, ತಾಯಿ?”

“ಮಾಡಲ್ಲ, ಮೇಷ್ಟ್ರೇ. ಮಾತು ಕೊಡ್ತೀನಿ.”

“ಇಪ್ಪತ್ತೆರಡು. ಮಿಕ್ಕಿದ್ದು ನಾಳೆಗಿರಲಿ ಅಂತ ಬರೆದಿದ್ದೆ.”

ಅರವತ್ತರಲ್ಲಿ ಮೂವತ್ತೆಂಟು ಉಳಿದವು. ಮೊದಲಿನ ನಲವತ್ತು ಸೇರಿದರೆ ಎಪ್ಪತ್ತೆಂಟು. ಸುಳ್ಳನ್ನೆಲ್ಲ ತೆಗೆದುಹಾಕಿದ ಮೇಲೂ ಎರಡು ಕಡಿಮೆ. ಇಪ್ಪತ್ತರಲ್ಲೇ ಸುಧಾರಿಸಿಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಮೇಷ್ಟ್ರು ಒಪ್ಪುತ್ತಿದ್ದರು. ಆದರೆ ಆ ಎರಡು ಬಾಟಲಿಗೆ ಕಾದು ಅಲ್ಲೂ ಇಬ್ಬರು ಮಲಗಿದ್ದಾರಲ್ಲ. ಆ ಮಾತನ್ನು ನುಂಗಿಕೊಂಡು ಲಾರಿ ಬಿಡಲು ಹೇಳಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಲಾರಿ ಸೇತುವೆ ದಾಟಿತು. ಅವಳು ತಂಗಿಗೆ ಲೆಕ್ಕ ಹೇಳಿದಳು.

“ಯಾರಿಬ್ಬರಿಗೆ ಇಲ್ಲ ಅಂತ ನಾನೇ ಹೇಳಬೇಕಾ, ಅಕ್ಕಾ?”

ಅವಳಿಗೆ ನಾಚಿಕೆಯಾಯಿತು. ಹನ್ನೆರಡು ದಿನ ಗೀಟು ಎಳೆದವಳು ಒಮ್ಮೆಯೂ ಯಾರಿಗೆ ಇಲ್ಲ ಎಂದು ಕೇಳಿಕೊಂಡಿರಲಿಲ್ಲ. ಕೈಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

“ಫೋನ್ ಇಡಬೇಡ. ಒಬ್ಬೊಬ್ಬರ ಬಗ್ಗೆಯೂ ಹೇಳು. ಇಬ್ಬರೂ ಸೇರಿ ನೋಡೋಣ.”

ತಂಗಿ ಬಾಗಿಲ ಪಕ್ಕದ ಚಾಪೆಯಿಂದ ಶುರುಮಾಡಿದಳು. ಹೆಣ್ಣುಮಗು, ನಾಲ್ಕು ವರ್ಷ.