ಏಳೆಂಟ್ಲ ಅರವತ್ತೆರಡು

ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ಏಳೆಂಟ್ಲ ಅರವತ್ತೆರಡು ಎಂದು ಮಗಳು ಹೇಳಿದಳು. ಅಳುಕು ಎಳ್ಳಷ್ಟೂ ಇರಲಿಲ್ಲ.

ಅಂದು ಗುರುವಾರ. ಮರುದಿನ ಮೂರನೇ ತರಗತಿಗೆ ಬಾಯಿಲೆಕ್ಕದ ಪರೀಕ್ಷೆ. ಹತ್ತರಲ್ಲಿ ಎಂಟು ಸರಿಯುತ್ತರ ಕೊಡದವರು ಶನಿವಾರ ಬೆಳಗ್ಗೆಯೂ ಶಾಲೆಗೆ ಹೋಗಬೇಕು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ರಜೆ ಇರುವುದು ಶನಿವಾರ ಮಾತ್ರ. ಉಳಿದ ದಿನ ಮಗಳು ಕಣ್ಣು ಬಿಡುವಷ್ಟರಲ್ಲಿ ಅವಳು ಬಸ್ಸು ಹತ್ತಿರುತ್ತಾಳೆ. ಅಮ್ಮನ ಪಕ್ಕದಲ್ಲಿ ಬಿದ್ದುಕೊಳ್ಳಲು ಮಗಳಿಗೆ ಇದ್ದದ್ದು ವಾರಕ್ಕೊಂದೇ ಬೆಳಗು.

ಹಾಗಾಗಿ ಮಗ್ಗಿ ಅಪ್ಪನ ತಲೆಗೆ ಬಿದ್ದಿತ್ತು. ಅಪ್ಪ ಟೈಲ್ಸ್ ಮೇಸ್ತ್ರಿ. ಸೋಮವಾರ ಪುಸ್ತಕ ತೆರೆದು ಕೂತಾಗ ನಾಲ್ಕೇ ನಿಮಿಷಕ್ಕೆ ಇಬ್ಬರೂ ಆಕಳಿಸಿದರು. ಸಮಯ ನೋಡಿ ಹೇಳಿದ್ದು ಅಜ್ಜಿ, ಅಂದರೆ ಅಪ್ಪನ ಅತ್ತೆ. ಮಂಗಳವಾರ ಅವನು ಮಗಳನ್ನು ಬಚ್ಚಲುಮನೆಗೆ ಕರೆದೊಯ್ದ. ತಾನೇ ಕೂರಿಸಿದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕ ಎಳೆದ: ಅಡ್ಡಕ್ಕೆ ಏಳು ಟೈಲ್ಸ್, ಎತ್ತರಕ್ಕೆ ಎಂಟು. ಎಣಿಸು ಎಂದ. ಅವಳು ಎಣಿಸಿದಳು, ಅಳಿಸಿದಳು, ಬೇರೆ ಚೌಕ ಎಳೆದಳು. ಎರಡೇ ದಿನಕ್ಕೆ ಒಂಬತ್ತರ ಮಗ್ಗಿವರೆಗೂ ಬಂದಳು. ಅಷ್ಟೂ ಹೊತ್ತು ಟವೆಲ್ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ ಅಜ್ಜಿ, ಈ ಮನೆಯಲ್ಲಿ ಸ್ನಾನಕ್ಕೂ ಟಿಕೆಟ್ ತಗೋಬೇಕೇನೋ ಎಂದು ಗೊಣಗಿದರು.

ಎಡವಟ್ಟಾದದ್ದು ಬುಧವಾರ. ಪಾಠದ ಮಧ್ಯೆ ಅಪ್ಪ ಕಸುಬಿನ ಮಾತಿಗೆ ಜಾರಿದ್ದ. ಅಂಗಡಿಯಿಂದ ಟೈಲ್ಸ್ ತರುವಾಗ ಗೋಡೆಗೆ ಬೇಕಾದಷ್ಟೇ ತಂದವನು ಮೂರ್ಖ. ಹತ್ತಕ್ಕೊಂದರಂತೆ ಹೆಚ್ಚಿಗೆ ತರಬೇಕು, ಕೊನೆಗೆ ಉಳಿದದ್ದು ಹತ್ತು ತುಂಬದಿದ್ದರೂ ಅದಕ್ಕೊಂದು ಎಂದಿದ್ದ. ಮೂರು ದಿನದಲ್ಲಿ ಅವಳ ತಲೆಗೆ ಭದ್ರವಾಗಿ ಅಂಟಿದ್ದು ಅದೊಂದೇ.

"ಏಳೆಂಟ್ಲ ಐವತ್ತಾರು ಕಣೇ" ಎಂದು ಗುರುವಾರ ಸಂಜೆ ಅಪ್ಪ ತಿದ್ದಿದ.

"ಐವತ್ತಾರು ಗೋಡೆಗೆ ಅಪ್ಪಾ. ಒಡೆಯೋದಕ್ಕೆ ಆರು ಬೇಡ್ವಾ?"

ಅಪ್ಪ ಏಳಾರ್ಲ ಕೇಳಿದ. ನಲವತ್ತೇಳು ಬಂತು. ಏಳೇಳ್ಲ ಐವತ್ನಾಲ್ಕು. ಅವನ ಕಸುಬಿಗೆ ಎಲ್ಲವೂ ಸರಿ, ಶಾಲೆಗೆ ಒಂದೂ ಅಲ್ಲ.

ಬಟಾಣಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. "ನಮ್ಮ ಅಳಿಯಂದ್ರ ಕೈಗುಣ ನೋಡು ಮರಿ. ಮುಟ್ಟಿದ್ರೆ ಮಗ್ಗೀನೂ ಒಡೆಯುತ್ತೆ."

ಎಂಟು ಗಂಟೆಯವರೆಗೂ ಅಪ್ಪ ತಾನು ಕಲಿಸಿದ್ದನ್ನೇ ಮರೆಸಲು ಹೆಣಗಿದ. ಪರೀಕ್ಷೆಯಲ್ಲಿ ಏನೂ ಒಡೆಯುವುದಿಲ್ಲ ಎಂದ. ಯಾವುದೂ ಒಡೆಯಲ್ವಾ ಎಂದು ಅವಳು ಕೇಳಿದಳು. ಸಾಕಾಗಿದ್ದ ಅಪ್ಪ, "ಒಡೆದ್ರೆ ನಿಮ್ಮ ಟೀಚರ್ ನೋಡ್ಕೋತಾರೆ, ನೀನು ಸುಮ್ನಿರು" ಎಂದ.

ಶುಕ್ರವಾರ ಆರನೆಯ ಪ್ರಶ್ನೆಯೇ ಏಳೆಂಟ್ಲ. ಅವಳ ತುಟಿ ಎರಡು ಸಲ ಆಡಿತು. ಹೆಚ್ಚಿಗೆಯ ಆರನ್ನು ನುಂಗಿಕೊಂಡು ಐವತ್ತಾರು ಎಂದಳು. ಒಂಬತ್ತನೆಯ ಪ್ರಶ್ನೆಯವರೆಗೆ ಎಲ್ಲವೂ ಸರಿಯಾದವು. ಕೊನೆಯದು ಹೀಗಿತ್ತು: ಎಂಟು ತರಗತಿಗಳಿವೆ, ಒಂದೊಂದಕ್ಕೆ ಏಳು ಸೀಮೆಸುಣ್ಣ ಬೇಕು, ಒಟ್ಟು ಎಷ್ಟು ತರಬೇಕು?

ಅವಳು ಕಪ್ಪುಹಲಗೆಯ ಕೆಳಗೆ ನೋಡಿದಳು. ಅಲ್ಲಿ ಹದಿನೈದಿಪ್ಪತ್ತು ಚೂರುಗಳು ಬಿದ್ದಿದ್ದವು.

"ಮುರಿಯೋದನ್ನ ನೀವೇ ನೋಡ್ಕೋತೀರಾ ಮಿಸ್?"

ಏನಂದೆ ಎಂದು ಟೀಚರ್ ಕೇಳಿದರು. ಅವಳು ಅರವತ್ತೆರಡು ಎಂದಳು.

ಟೀಚರ್ ತಮ್ಮ ಬೆರಳ ನಡುವಿದ್ದ ಉಗುರಿನಷ್ಟು ಸೀಮೆಸುಣ್ಣವನ್ನು ನೋಡಿಕೊಂಡರು. ಆಮೇಲೆ ತಪ್ಪು ಗುರುತು ಹಾಕಿದರು. ಹತ್ತಕ್ಕೆ ಒಂಬತ್ತು. ಪುಸ್ತಕದ ಕೊನೆಯ ಪುಟದಲ್ಲಿ, ಮನೆಯಲ್ಲಿ ಮಗ್ಗಿ ಹೇಳಿಕೊಡುವವರು ಯಾರೆಂದು ತಿಳಿಸಿ ಸಹಿ ಮಾಡಬೇಕೆಂದು ಬರೆದು ಕಳಿಸಿದರು. ಅಜ್ಜಿ ಅದನ್ನು ಗಟ್ಟಿಯಾಗಿ ಎರಡು ಸಲ ಓದಿ, ಪೆನ್ನನ್ನು ಅಳಿಯನ ಮುಂದಿಟ್ಟರು.

ಶನಿವಾರ ಅಮ್ಮ ಹತ್ತೂವರೆಯವರೆಗೆ ಮಲಗಿದ್ದಳು. ಮಗಳು ಅವಳ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಹನ್ನೊಂದರವರೆಗೆ.