ದಾನವ್ವನ ಮೂರು ಉತ್ತರಗಳು

ಭಾಂಡುಪಿನ ರೈಲು ಹಳಿ ಪಕ್ಕ ಬಿದ್ದ ಕಲ್ಲಿದ್ದಲು ಆರಿಸುವುದೂ ಕಳ್ಳತನ ಅಂತ ಹದಿಮೂರರ ದಾನವ್ವನಿಗೆ ಗೊತ್ತಾದದ್ದು ಪೊಲೀಸಪ್ಪ ರಟ್ಟೆ ಹಿಡಿದ ಮೇಲೆಯೇ. ಇರಲಿ, ತಪ್ಪು ತಪ್ಪೇ. ನಿಜವಾದ ಫಜೀತಿ ಶುರುವಾದದ್ದು ರಿಮಾಂಡ್ ಹೋಮಿನಲ್ಲಿ. ಒಬ್ಬರಾದ ಮೇಲೊಬ್ಬರು ಬಂದು ಕೇಳುವುದು ಒಂದೇ ಪ್ರಶ್ನೆ: ಇನ್ನು ಮುಂದೆ ಎಲ್ಲಿರುತ್ತೀ?

ತಾಯಿ ಸತ್ತ ಮೇಲೆ ಅವಳು ಮೂರು ಮನೆ ಕಂಡವಳು. ಮೊದಲನೆಯದರಲ್ಲಿ "ಹಸಿವಾಗ್ಯದೇನ?" ಅಂದಾಗ ಹೂಂ ಅಂದರೆ ಹೊಟ್ಟೆಬಾಕಿ ಅನ್ನುತ್ತಿದ್ದರು. ಎರಡನೆಯದರಲ್ಲಿ ಇಲ್ಲ ಅಂದರೆ "ಸೊಕ್ಕು ನೋಡ ಇದರದು!" ಕೇಳುವವರ ಮುಖ ನೋಡಿ ಅವರಿಗೆ ಬೇಕಾದ್ದನ್ನೇ ಹೇಳುವ ವಿದ್ಯೆ ಅಲ್ಲಿಯೇ ಕಲಿತಳು. ಮೂರನೆಯದು ಭಾಂಡುಪ್ ಚಾಳಿನ ಕಾಶವ್ವನ ಖೋಲಿ. ನೆಂಟಳಲ್ಲ, ವಿಜಾಪುರದ ಕಡೆಯವಳು, ಅಷ್ಟೇ. ಕಾಶವ್ವ ಏನನ್ನೂ ಕೇಳುತ್ತಿರಲಿಲ್ಲ. ತಾಟು ಇಟ್ಟು ರೊಟ್ಟಿ ಹಾಕುತ್ತಿದ್ದಳು. ದಾನವ್ವನಿಗೆ ವಾಪಸು ಹೋಗಬೇಕಾಗಿದ್ದದ್ದು ಅಲ್ಲಿಗೇ.

ಹಾಗಂತ ಬಾಯಿಬಿಟ್ಟು ಹೇಳಿದಳೇ? ಎಲ್ಲಿ ಬಂತು! ಹೊಲಿಗೆ ಟೀಚರ ಮುಖ ನೋಡಿ "ಹೊಲಿಗಿ ಸಾಲಿಗೆ" ಅಂದಳು. ಮಹಿಳಾ ಸಂಘದ ಬಾಯಿಯವರಿಗೆ "ಊರಿಗೆ, ಮಾವನ ಮನಿಗೆ" ಅಂದಳು. ಹೋಮಿನಲ್ಲಿ ಅವಳ ತೂಕ ಏರಿದ್ದಕ್ಕೆ ಖುಷಿಪಟ್ಟ ಡಾಕ್ಟರಿಗೆ "ಇಲ್ಲೇ ಇರ್ತೀನ್ರಿ". ಮೂವರೂ ಬರೆದುಕೊಂಡು ಹೋದರು. ಒಬ್ಬರ ಕಾಗದ ಇನ್ನೊಬ್ಬರು ನೋಡಿದ್ದರೆ ಕೇಳಿ!

ನೋಡಿದವರು ಪ್ರೊಬೇಷನ್ ಆಫೀಸರ್ ಪ್ರಫುಲ್ಲಾ ಬಾಯಿ, ಉಡುಪಿಯ ಕಡೆಯವರು.

"ಎಂತ ಮಾರಾಯ್ತಿ ಇದು? ಸುಳ್ಳು ಹೇಳುವ ಹುಡುಗಿ ಅಂತ ಬರೆದು ಕೋರ್ಟಿನವರು ಐದು ವರ್ಷ ಎಲ್ಲಿಗಾದರೂ ಕಳಿಸಿಬಿಟ್ಟಾರು. ನಿಜ ಯಾವುದು?"

ದಾನವ್ವ ಅವರ ಮುಖ ನೋಡಿದಳು. ಅಲ್ಲಿ ದಣಿವು ಬಿಟ್ಟರೆ ಏನೂ ಸಿಗಲಿಲ್ಲ.

"ನೀವು ಯಾವುದು ಅಂತೀರೋ ಅದರಿ," ಅಂದಳು.

ಪ್ರಫುಲ್ಲಾ ಬಾಯಿ ಹಣೆ ಚಚ್ಚಿಕೊಂಡರು. ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಮೂವರನ್ನೂ, ಪೊಲೀಸರ ಕಾಗದದಲ್ಲಿ ವಿಳಾಸವಿದ್ದ ಕಾಶವ್ವನನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರು.

"ಎಲ್ಲಿರ್ತೀಯಮ್ಮ?" ಪ್ರಫುಲ್ಲಾ ಬಾಯಿ ಎಲ್ಲರೆದುರಿಗೆ ಕೇಳಿದರು.

ಅಯ್ಯೋ, ಈಗ ಯಾರ ಮುಖ ನೋಡಬೇಕು? ಟೀಚರು ಹುಬ್ಬೇರಿಸಿದ್ದಾರೆ, ಸಂಘದ ಬಾಯಿ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದಾರೆ, ಡಾಕ್ಟರು ನಗುತ್ತಿದ್ದಾರೆ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ತಪ್ಪು. ಕೊನೆಗೆ ಕಾಶವ್ವನ ಕಡೆ ತಿರುಗಿದಳು. ಕಾಶವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನೋಡಲು ಮುಖವೇ ಇರಲಿಲ್ಲ.

ದಾನವ್ವ ನೆಲ ನೋಡುತ್ತ ಹೇಳಿದಳು, "ನನಗ ಹಸಿವಾಗ್ಯದ."

ತಾಯಿ ಸತ್ತ ಮೇಲೆ ಯಾವ ಮನೆಯಲ್ಲೂ ಅವಳು ತಾನಾಗಿ ಆಡಿದ ಮಾತಲ್ಲ ಅದು. ಕಾಶವ್ವ ಕೋರ್ಟು ಗೀರ್ಟು ನೋಡಲಿಲ್ಲ. ಮೂಗು ಒರೆಸಿಕೊಂಡು ಮಡಿಲಿನ ಗಂಟು ಬಿಚ್ಚಿ, ಜೋಳದ ರೊಟ್ಟಿಯನ್ನು ಆ ಮೂರು ಕಾಗದಗಳ ಮೇಲೆಯೇ ಇಟ್ಟಳು. ದಾನವ್ವ ಯಾರ ಮುಖವನ್ನೂ ನೋಡದೆ ತಿಂದಳು.

"ಏನೆಂದಳು ಹುಡುಗಿ?" ಕನ್ನಡ ಬಾರದ ಮ್ಯಾಜಿಸ್ಟ್ರೇಟರು ಮರಾಠಿಯಲ್ಲಿ ಕೇಳಿದರು.

ಪ್ರಫುಲ್ಲಾ ಬಾಯಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದಾನವ್ವ ಕೈ ಚಾಚಿದಳು.

"ಇನ್ನೊಂದು ಕೊಡ ಬೇ ಅವ್ವಾ. ತಿಂದು ಮನಿಗೆ ಹೋಗೂಣು."