ಬುಡನ್ ಸಾಬನ ‘ರೈಟ್’

“ಏಯ್ ಬೂಬಮ್ಮ, ಕಸ ಹಿಡ್ದಿರೋ ಕೈನಾಗೆ ಬಾಗ್ಲು ಮುಟ್ಟಿದ್ಯೋ, ಮುರ್ದು ಹಾಕ್ಬುಡ್ತೀನಿ ಮುಂಡೆ! ಮೊಣಕೈ ಇಲ್ವೇನೇ ನಿಂಗೆ? ಅದ್ರಾಗೆ ತಳ್ಳು!”

ಮ್ಯಾನೇಜರ್ ಶಿವರಾಮಯ್ಯನ ಬೈಗುಳ ಬೆನ್ನಿಗೆ ಬೀಳುತ್ತಿದ್ದಂತೆ ಜೈನಬ್ ಬೀ ಹೆರಿಗೆ ವಾರ್ಡಿನ ಬಾಗಿಲನ್ನು ಮೊಣಕೈಯಿಂದ ತಳ್ಳಿ ಹೊರಬಂದಳು. ಅವಳ ಕೈಯ ಬೇಸಿನ್ನಿನಲ್ಲಿ ಆಗತಾನೆ ಹುಟ್ಟಿದ ಕೂಸೊಂದರ ಕಸವಿತ್ತು. ಕೂಸಿನ ಹಿಂದೆಯೇ ಬೀಳುವ ಆ ಮಾಂಸದ ಮುದ್ದೆಯನ್ನೂ ಅದಕ್ಕಂಟಿದ ಹೊಕ್ಕಳುಬಳ್ಳಿಯನ್ನೂ ಈ ಸೀಮೆಯ ಹೆಂಗಸರು ಕಸವೆಂದೇ ಕರೆಯುತ್ತಾರೆ. ಹನ್ನೊಂದು ವರ್ಷಗಳಿಂದ ತುಮಕೂರಿನ ಆ ನರ್ಸಿಂಗ್ ಹೋಮಿನಲ್ಲಿ ಅದನ್ನು ಹೊತ್ತೊಯ್ದು, ಹಿತ್ತಲಿನ ಹೊಂಗೆಮರದ ಬುಡದಲ್ಲಿ ಗುಂಡಿ ತೋಡಿ, ನಾಯಿ ಕೆದಕದಂತೆ ಉಪ್ಪು ಸುರಿದು ಹೂಳುವುದು ಅವಳ ಕೆಲಸ. ಈಗ ನಾಲ್ಕು ತಿಂಗಳಿಂದ ಬೇಸಿನ್ನು ಹಿತ್ತಲಿಗೆ ಹೋಗುತ್ತಿರಲಿಲ್ಲ. ಮಹಡಿಯ ಮೇಲಿನ ಹೊಸ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಐಸು ತುಂಬಿದ ನೀಲಿ ಡಬ್ಬವೊಂದು ಬಾಯಿ ತೆರೆದು ಕಾದಿರುತ್ತಿತ್ತು.

“ಅಕ್ಕೋ, ಕಸಾನ ಆಳವಾಗಿ ಹೂತ್ಬುಡಕ್ಕ. ನಮ್ಮವ್ವ ಹೇಳ್ಕಳ್ಸವ್ಳೆ,” ಎಂದು ಒಳಗಿನಿಂದ ಬಾಣಂತಿ ಕೂಗಿದಳು. ಗುಬ್ಬಿ ಕಡೆಯ ಹೆಣ್ಣು, ಚೊಚ್ಚಲ ಹೆರಿಗೆ.

“ಹೂಣ್ತೀನವ್ವ, ನೀನು ಮನಿಕ್ಕೋ,” ಎಂದಳು ಜೈನಬ್ ಬೀ. ಆ ಸುಳ್ಳು ನಾಲಿಗೆಗೆ ರೂಢಿಯಾಗಿತ್ತು; ಎದೆಗೆ ಇನ್ನೂ ಆಗಿರಲಿಲ್ಲ.

ಸುಳ್ಳಿನ ಬೇರು ಅವಳ ಮನೆಯಲ್ಲಿಯೇ ಇತ್ತು. ಗಂಡ ಬುಡನ್ ಸಾಬ್ ತುಮಕೂರಿನಿಂದ ಕುಣಿಗಲ್ ಮೇಲೆ ಅಮೃತೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಹದಿನೆಂಟು ವರ್ಷ ಕಂಡಕ್ಟರಾಗಿದ್ದವನು. ಎರಡು ಸಾವಿರದ ಎಂಟರ ಯುಗಾದಿಯ ಮಾರನೆಯ ದಿನ, ಕುಣಿಗಲ್ ಸ್ಟ್ಯಾಂಡಿನಲ್ಲಿ, ಫುಟ್‌ಬೋರ್ಡಿನ ಮೇಲೊಂದು ಕಾಲಿಟ್ಟು, ತಗಡಿಗೆ ಎರಡು ಪೆಟ್ಟು ಕೊಟ್ಟು “ರೈಟ್!” ಎಂದು ಕೂಗಿದವನೇ ಹಾಗೇ ಪಕ್ಕಕ್ಕೆ ವಾಲಿ ನೆಲಕ್ಕುರುಳಿದ. ಡ್ರೈವರ್ ಗುಂಡಯ್ಯನಿಗೆ ಕೇಳಿಸಿದ್ದು ಆ ಕೂಗಷ್ಟೇ, ಬಸ್ಸು ಹೊರಟೇಬಿಟ್ಟಿತು. ಜನ ಬೊಬ್ಬೆ ಹಾಕಿದ ಮೇಲೆ ನಿಲ್ಲಿಸಿ, ಅದೇ ಬಸ್ಸಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ಜೀವ ಉಳಿಯಿತು. ಬಲಗೈ, ಬಲಗಾಲು ಲಕ್ವಕ್ಕೆ ಹೋದವು. ಮಾತೂ ಹೋಯಿತು, ಒಂದನ್ನು ಬಿಟ್ಟು. ನೀರಡಿಸಿದರೂ ರೈಟ್, ಉಚ್ಚೆ ಬಂದರೂ ರೈಟ್, ಅಳು ಬಂದರೂ ರೈಟ್. ಕೊನೆಯದಾಗಿ ಆಡಿದ ಮಾತು ಬಾಯಿಂದ ಇಳಿಯಲೊಲ್ಲದೆ ಅಲ್ಲಿಯೇ ನಿಂತುಬಿಟ್ಟಿತ್ತು.

ಅಂಥ ದಿನಗಳಲ್ಲಿ ಡಾಕ್ಟರ್ ಕಿರಣ್‌ಕುಮಾರ್ ಅವಳನ್ನು ಮಹಡಿಗೆ ಕರೆಸಿ, ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

“ನೀನು ಹೂಳ್ತೀಯಲ್ಲ, ಆ ಬಳ್ಳಿ ರಕ್ತದಲ್ಲಿ ಬೀಜ ಇದ್ದಂಗೆ ಸೆಲ್ ಇರುತ್ತೆ ಜೈನಬಮ್ಮ. ಸ್ಟೆಮ್ ಸೆಲ್ ಅಂತ. ಮೆದುಳಲ್ಲಿ ಸತ್ತಿರೋ ಜಾಗಕ್ಕೆ ಕಳಿಸಿದ್ರೆ ಅದು ಚಿಗುರುತ್ತೆ. ದೊಡ್ಡವರು ಲಕ್ಷ ಲಕ್ಷ ಹಿಡ್ಕೊಂಡು ಬರ್ತಾರೆ. ನಿನ್ನ ಗಂಡಂಗೆ ಫ್ರೀ. ನೀನು ಕಸ ಮೇಲಕ್ಕೆ ತರ್ತಾ ಇರು, ಬಾಣಂತೀರ ಹತ್ರ ಬಾಯಿ ಬಿಡಬೇಡ. ಅಷ್ಟೇ.”

“ಮಾತು ಬರ್ತದಾ ಸಾರ್?”

“ಮಾತೂ ಬರುತ್ತೆ, ಕೈಯೂ ಬರುತ್ತೆ.”

ಹನ್ನೊಂದು ವರ್ಷ ತಾನು ಮಣ್ಣಿಗೆ ಸುರಿದದ್ದು ಜೀವದ ಬೀಜವೇ? ಜೈನಬ್ ಬೀ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಉಪ್ಪಿಗೆ ಬಿರಿದ ಚರ್ಮ, ಕಪ್ಪಾದ ಉಗುರು. “ಆಗ್ಲಿ ಸಾರ್,” ಎಂದಳು.

ಒಪ್ಪಿಗೆಯ ದಿನ ಕ್ಯಾಮೆರಾ ತಂದಿದ್ದರು. ಡಾಕ್ಟರು ಕಾಗದ ಹಿಡಿದು ಓದಿದ: “ಇದು ಹೊಸ ಟ್ರೀಟ್‌ಮೆಂಟು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಜವಾಬ್ದಾರರಲ್ಲ. ನಿನ್ನ ಒಪ್ಪಿಗೆ ಇದೆಯಾ?”

“ರೈಟ್,” ಎಂದ ಬುಡನ್ ಸಾಬ್.

“ಸಾರ್, ಅವ್ರು ಎಲ್ಲಾದ್ಕೂ ಅದ್ನೇ ಅಂತಾರೆ,” ಎಂದು ಜೈನಬ್ ಬೀ ಬಾಯಿ ಹಾಕಿದಳು.

“ಮುಚ್ಚೇ ಬಾಯಿ,” ಎಂದ ಶಿವರಾಮಯ್ಯ. “ಗಂಡ್ಸು ರೈಟ್ ಅಂದವ್ನೆ. ಮಧ್ಯದಾಗೆ ನಿಂದೇನೇ?”

ಡಾಕ್ಟರು ನಕ್ಕ. “ಅವನಿಗೆ ಬುದ್ಧಿ ಸರಿಯಾಗಿದೆ ಬಿಡಮ್ಮ. ಎಲ್ಲಾ ಅರ್ಥ ಆಗುತ್ತೆ.” ಬಲಗೈ ಸತ್ತದ್ದರಿಂದ ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಒತ್ತಿಸಿದರು.

ಮೂರು ಸಲ ಬೆನ್ನುಹುರಿಗೆ ಚುಚ್ಚಿದರು. ಮಗ್ಗುಲಾಗಿ ಬಾಗಿಸಿ ಇಬ್ಬರು ಹಿಡಿದುಕೊಳ್ಳುತ್ತಿದ್ದರು; ಅವನು ನೋವಿಗೆ “ರೈಟ್! ರೈಟ್! ರೈಟ್!” ಎಂದು ಅರಚುತ್ತಿದ್ದ. “ಹೊರಡ್ತು ನೋಡೇ ಅಮೃತೂರು ಬಸ್ಸು,” ಎಂದು ನರ್ಸೊಬ್ಬಳು ನಗುತ್ತಿದ್ದಳು. ಮೂರನೆಯದರ ಮೇಲೆ ಆರು ದಿನ ಜ್ವರ ಸುಟ್ಟಿತು. ಬಲಗೈ ಒಣಗಿದ ಸೋರೆಬಳ್ಳಿಯಂತೆ ಇದ್ದಲ್ಲೇ ಇತ್ತು. ಅದುವರೆಗೆ ಭಾರ ಹೊರುತ್ತಿದ್ದ ಎಡಗಾಲೂ ನೆಲಕ್ಕಿಟ್ಟರೆ ಕುಸಿಯತೊಡಗಿತು.

“ಎಡಗಾಲು ಚೆನ್ನಾಗಿತ್ತು ಸಾರ್…”

“ನಾಲ್ಕನೇ ಇಂಜೆಕ್ಷನ್ನಿಗೆ ಎಲ್ಲಾ ಸರಿ ಹೋಗುತ್ತೆ. ಭಾನುವಾರ ಮೀಟಿಂಗಿಗೆ ಕರ್ಕೊಂಡು ಬಾ, ಆಮೇಲೆ ಚುಚ್ತೀನಿ,” ಎಂದು ಡಾಕ್ಟರು ನಡೆದ.

ಮೆಟ್ಟಿಲ ಬಳಿ ಶಿವರಾಮಯ್ಯ ಅಡಿಕೆ ಅಗಿಯುತ್ತ ವಿಷಯವನ್ನು ಬಿಡಿಸಿಯೇ ಹೇಳಿದ: “ದೊಡ್ಡೋರ್ಗೆ ಚುಚ್ಚೋಕ್ ಮುಂಚೆ ಯಾರ್ಗಾನ ಚುಚ್ಚಿ ನೋಡ್ಬೇಕಲ್ವೇನಮ್ಮ? ನಿನ್ ಸಾಬಿ ಸಾಯ್ಲಿಲ್ಲ. ಅಲ್ಗೆ ಪಾಸಾದ.”

ಜೈನಬ್ ಬೀ ಅಷ್ಟನ್ನೂ ಕೇಳಿಸಿಕೊಂಡಳು. ಆದರೂ ನಾಲ್ಕನೆಯದೊಂದು ಬಾಕಿ ಇತ್ತು. ಅದರಲ್ಲೇ ಮಾತಿದ್ದರೆ? ಭಾನುವಾರ ಗಂಡನ ಮುಖ ತೊಳೆದು, ತಲೆ ಬಾಚಿ, ಆಸ್ಪತ್ರೆಯವರು ಕೊಟ್ಟ ಹೊಸ ಖಾಕಿ ಅಂಗಿ ತೊಡಿಸಿ ಕರೆತಂದಳು.

ಬಿ.ಎಚ್. ರಸ್ತೆಯ ಹೋಟೆಲೊಂದರ ಮೀಟಿಂಗ್ ಹಾಲ್‌ನಲ್ಲಿ ನಲವತ್ತು ಸಂಸಾರಗಳು ಕೂತಿದ್ದವು. ಪ್ರತಿ ಸಂಸಾರದ ನಡುವೆಯೂ ಬಾಯಿ ಸೊಟ್ಟಗಾದ ಒಂದೊಂದು ಮುಖ. ಮುಂದಿನ ಸಾಲಿನಲ್ಲಿ ಗುಬ್ಬಿಯ ಕೊಬ್ಬರಿ ಮಂಡಿಯ ಸದಾಶಿವಯ್ಯ ಗಾಲಿಕುರ್ಚಿಯಲ್ಲಿದ್ದ. ಹಣೆಯ ವಿಭೂತಿ ನೆಟ್ಟಗಿತ್ತು, ತುಟಿ ನೆಟ್ಟಗಿರಲಿಲ್ಲ. ಹೆಂಡತಿ ಉಮಾಮಹೇಶ್ವರಿ ಸೆರಗಿನಿಂದ ಅವನ ಜೊಲ್ಲು ಒರೆಸುತ್ತಿದ್ದಳು.

“ಮಾತೇ ನಿಂತುಹೋಗಿತ್ತು ಇವರಿಗೆ,” ಎಂದ ಡಾಕ್ಟರು ಮೈಕಿನಲ್ಲಿ, ಎದುರು ಕುರ್ಚಿಯಲ್ಲಿ ಕೂರಿಸಿದ್ದ ಬುಡನ್ ಸಾಬನ ಕಡೆ ಕೈ ತೋರಿಸಿ. “ಈಗ ನೀವೇ ನೋಡಿ. ಬುಡನ್ ಸಾಬ್ರೇ, ಹೇಗಿದೀರಾ?” ಮೊದಲ ಸಲ ಬಹುವಚನ ಬಂದಿತ್ತು.

“ರೈಟ್!”

ಕೂತವರೆಲ್ಲ ಚಪ್ಪಾಳೆ ತಟ್ಟಿದರು.

“ಕೈಗೆ ಶಕ್ತಿ ಬರ್ತಾ ಇದೆಯಾ?”

“ರೈಟ್!”

ಉಮಾಮಹೇಶ್ವರಿ ಎದ್ದು ಬಂದಳು. ಬಂದವಳು ಡಾಕ್ಟರನ ಬಳಿಗೆ ಹೋಗಲಿಲ್ಲ. ಜೈನಬ್ ಬೀಯ ಕೈಗಳನ್ನು, ಬಾಗಿಲು ಮುಟ್ಟಬಾರದ ಆ ಕೈಗಳನ್ನು, ತನ್ನ ಕೈಯೊಳಗೆ ಹಿಡಿದಳು. “ನೀನು ಹೇಳವ್ವ. ನಮ್ಮನೆಯವ್ರು ನನ್ನ ಹೆಸ್ರಿಡ್ದು ಕರ್ದು ವರ್ಷ ಆಯ್ತು. ವಾಸಿ ಆಯ್ತದಾ?”

ಎಷ್ಟೋ ಬಾಣಂತಿಯರಿಗೆ ಸುಳ್ಳು ಹೇಳಿದ ನಾಲಿಗೆ ಈ ಒಬ್ಬ ಹೆಂಗಸಿಗೆ ಹೇಳಲು ಒಪ್ಪಲಿಲ್ಲ. ಜೈನಬ್ ಬೀ ಕೈ ಬಿಡಿಸಿಕೊಂಡು, ಡಾಕ್ಟರನ ಕೈಯಿಂದ ಮೈಕು ಕಿತ್ತುಕೊಂಡಳು.

“ರೀ, ಇತ್ಲಾಗ್ ನೋಡ್ರಿ. ಇವ್ರು ನಿಮ್ಗೆ ಮೋಸ ಮಾಡವ್ರಾ?”

“ರೈಟ್!”

“ಇದ್ದ ಒಂದ್ ಕಾಲ್ನೂ ಕಿತ್ಕೊಂಡವ್ರಾ?”

“ರೈಟ್!”

“ಈ ಡಾಕ್ಟ್ರು ನಿಮ್ಮನ್ನ ಹೆತ್ತ ತಾಯಾ?”

“ರೈಟ್!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಡಾಕ್ಟರು ಬೆವರು ಒರೆಸಿಕೊಂಡ. “ಪಾಪ, ಬುದ್ಧಿ ಸ್ತಿಮಿತ ಇಲ್ಲ. ಅವನ ಮಾತಿಗೆ ಅರ್ಥ ಇಲ್ಲ.”

“ಹಂಗಾರೆ ಹೆಬ್ಬೆಟ್ಟು ಒತ್ತುಸ್ಕೊಂಡ ದಿನ ಇತ್ತಾ ಸಾರ್ ಅರ್ಥ?” ಎಂದಳು ಜೈನಬ್ ಬೀ. “ಕಸ ಹೂಣ್ತೀನಿ ಅಂತ ಬಾಣಂತೀರ್ಗೆಲ್ಲ ಸುಳ್ಳು ಹೇಳ್ದೆ ನಾನು. ಹೆತ್ತೋರ್ನ ಕೇಳ್ದೆ ಕದ್ದು ತಂದ್ಕೊಟ್ಟೆ. ಈ ಒಂದು ಬಾಯಿಗೆ ಇನ್ನೊಂದು ಮಾತು ಬರ್ಲಿ ಅಂತ. ಇನ್ನೊಂದೇ ಒಂದು!”

ಶಿವರಾಮಯ್ಯ ಹಾರಿ ಬಂದು ಮೈಕಿನ ತಂತಿ ಕಿತ್ತ. ಬುಡನ್ ಸಾಬನನ್ನು ಕುರ್ಚಿಯಿಂದೆಳೆದು ಬಾಗಿಲಾಚೆ ಸಾಗಿಸಿದ. “ಅಂಗಿ ಆಸ್ಪತ್ರೇದು, ಬಿಚ್ಚೇ ಲೌಡಿ! ನಾಳಿಂದ ಗೇಟಿನ್ ಹತ್ರ ಕಂಡ್ಯೋ, ನಾಯಿ ಬುಡ್ತೀನಿ.” ಗುಂಡಿಗಳು ಕಿತ್ತು ಚೆಲ್ಲಿದವು. ಬನಿಯನ್ನಿನಲ್ಲಿ ಉಳಿದ ಗಂಡನನ್ನು ಜೈನಬ್ ಬೀ ಬೆನ್ನಿಗಾನಿಸಿಕೊಂಡಳು. ಬಾಗಿಲು ಮುಚ್ಚುವ ಮೊದಲು ಅವಳಿಗೆ ಉಮಾಮಹೇಶ್ವರಿಯ ದನಿ ಕೇಳಿಸಿತು. ಮೆಲ್ಲಗೆ, ಅಂಗಲಾಚುವ ದನಿ:

“ಇರ್ಲಿ ಡಾಕ್ಟ್ರೇ. ನಮ್ಮನೆಯವ್ರಿಗೆ ಯಾವತ್ತು ಚುಚ್ತೀರಾ?”

ರಸ್ತೆಯಲ್ಲಿ ನಡುಹಗಲ ಬಿಸಿಲು. ಕೆಲಸ ಹೋಯಿತು, ನಾಲ್ಕನೆಯ ಸೂಜಿಯೂ ಹೋಯಿತು. ಇನ್ನು ಕೊತ್ತಗೆರೆಯ ತವರೊಂದೇ ದಿಕ್ಕು. ಅವಳು ಗಂಡನನ್ನು ಎಳೆದುಕೊಂಡೇ ಸ್ಟಾಪು ಮುಟ್ಟುವ ಹೊತ್ತಿಗೆ ಅಮೃತೂರಿನ ಬಸ್ಸು ಬಂದು ನಿಂತಿತು. ಅದೇ ಬಸ್ಸು. ಕನ್ನಡಿಯಲ್ಲಿ ಗುಂಡಯ್ಯನ ನರೆತ ಮೀಸೆ ಕಂಡಿತು. ಹೊಸ ಕಂಡಕ್ಟರು ಬೀಡಿ ಅಂಗಡಿಯ ಕಡೆ ಇಳಿದುಹೋಗಿದ್ದ.

“ಹತ್ತಾಣ ಕಣ್ರಿ. ಗುಂಡಯ್ಯಣ್ಣ ಅವ್ರೆ, ಬುಟ್ಟೋಗಲ್ಲ,” ಎನ್ನುತ್ತ ಜೈನಬ್ ಬೀ ಅವನನ್ನು ಹೆಗಲಿಗೆ ಆನಿಸಿಕೊಂಡೇ ಬಗ್ಗಿ, ಅವನ ಸತ್ತ ಕಾಲನ್ನು ಎರಡೂ ಕೈಯಿಂದ ಎತ್ತಿ ಫುಟ್‌ಬೋರ್ಡಿನ ಮೇಲಿಡಲು ಹೋದಳು.

ತಗಡು ಕೈಗೆ ಸಿಕ್ಕೊಡನೆ ಬುಡನ್ ಸಾಬನ ಮುಖ ಅರಳಿತು. ಎಡಗೈ ತಾನಾಗಿ ಎದ್ದು ಬಸ್ಸಿನ ಮೈಗೆ ಎರಡು ಪೆಟ್ಟು ಕೊಟ್ಟಿತು.

“ರೈಟ್!”

ಹದಿನೆಂಟು ವರ್ಷ ಆ ದನಿಯನ್ನು ಕೇಳಿಯೇ ಹೊರಟ ಗುಂಡಯ್ಯ ಹಿಂದಿರುಗಿ ನೋಡಲಿಲ್ಲ, ಗೇರು ಹಾಕಿದ. ಕಾಲು ಜೈನಬ್ ಬೀಯ ಕೈಯಲ್ಲೇ ಉಳಿಯಿತು. “ನಿಲ್ಸೋ ಅಣ್ಣೋ!” ಎಂದು ಅವಳು ಕೂಗುವಷ್ಟರಲ್ಲಿ ಬಸ್ಸು ಹೊಗೆ ಕಾರಿ ಮುಂದಕ್ಕೆ ಹೋಗಿತ್ತು. ಬುಡನ್ ಸಾಬ್ ಅವಳ ಹೆಗಲಿಗೆ ಜೋತುಬಿದ್ದು ಅದು ಹೋದ ದಿಕ್ಕನ್ನೇ ನೋಡುತ್ತಿದ್ದ. ಅವನ ಎಡಗೈ ತಗಡಿಲ್ಲದ ಗಾಳಿಯನ್ನು ಇನ್ನೂ ತಟ್ಟುತ್ತಲೇ ಇತ್ತು.